‘ಹೋದರು’ ಅಂದೆ

ಜೂನ್ 3, ಸೋಮವಾರ

ರಜೆ ಮುಗಿಯಿತು. ಮತ್ತೆ ವಾರ್ಡು, ಮತ್ತೆ ಬಿಳಿ ಕೋಟು. ರೌಂಡ್ಸ್ ನಡುವೆ ಇವರಿಂದ ಮೆಸೇಜಿನ ಮೇಲೆ ಮೆಸೇಜು. ಅಯ್ಯೋ, ಮದುವೆಯಾಗಿ ತಿಂಗಳಾದರೂ ಕೆನ್ನೆ ಬಿಸಿಯಾಗುತ್ತದೆ! ಆರನೇ ಬೆಡ್ಡಿನ ಟೈಲರ್ ನೋಡಿಬಿಟ್ಟರು.

“ಡಾಕ್ಟ್ರೇ, ಫೋನ್ ನೋಡ್ಕೊಂಡು ನನ್ನ ಬಿಪಿ ಬರೀಬೇಡಿ. ನಿಮ್ದೇ ಜಾಸ್ತಿ ಇರುತ್ತೆ.”

“ಎಲ್ಲಾದಕ್ಕೂ ಹೊಲಿಗೆ ಹಾಕ್ತಾರೆ, ತಮ್ಮ ಬಾಯಿಗೊಂದು ಬಿಟ್ಟು,” ಎಂದರು ಅವರ ಹೆಂಡತಿ.

ಹಾರ್ಟ್ ಅಟ್ಯಾಕ್ ಆಗಿ ಬಂದವರು. ಈಗ ಸೂಪರ್. ಬುಧವಾರ ಮನೆಗೆ ಕಳಿಸುತ್ತೇನೆಂದು ಮಾತು ಕೊಟ್ಟೆ. ಐ ಲವ್ ಮೈ ಜಾಬ್!!

ಜೂನ್ 4, ಸಂಜೆ

ಟೈಲರ್ ಇಲ್ಲ.

ಮಧ್ಯಾಹ್ನ ಎರಡನೇ ಅಟ್ಯಾಕ್. ಐಸಿಯುಗೆ ಓಡಿಸಿದೆವು. ಎದೆ ಒತ್ತಿದೆ, ಒತ್ತಿದೆ... ಕೊನೆಗೆ ನಮ್ಮ ಚೀಫ್ ಡಾಕ್ಟರ್ ನನ್ನ ಕೈ ಹಿಡಿದು ನಿಲ್ಲಿಸಿದರು.

ಹೆಂಡತಿ ಮನೆಯಿಂದ ಇಸ್ತ್ರಿ ಮಾಡಿದ ಅಂಗಿ ತಂದು ಖಾಲಿ ಬೆಡ್ಡಿನ ಪಕ್ಕ ನಿಂತಿದ್ದರು. ಹೇಳುವ ಕೆಲಸ ನನ್ನದು. ಇಂಗ್ಲಿಷಿನಲ್ಲಿ ವಾಕ್ಯಗಳೇ ಸಾಲಾಗಿ ಬಂದವು. ಕನ್ನಡದಲ್ಲಿ ಸಿಕ್ಕಿದ್ದು ಒಂದೇ ಪದ.

“ಅಕ್ಕಾ, ಅವರು... ಹೋದರು.”

“ಮನೆಗಾ? ಅಯ್ಯೋ, ಅವಸರ ನೋಡಿ! ಚಪ್ಪಲಿ ಬಿಟ್ಟೇ ಹೋಗಿದಾರೆ!”

ಬಗ್ಗಿ ಮಂಚದ ಕೆಳಗಿಂದ ಚಪ್ಪಲಿ ಎತ್ತಿಕೊಂಡರು. ನಗುತ್ತಲೇ. ಹಿಂದಿನಿಂದ ಬಂದ ಚೀಫೇ ನಿಜ ಹೇಳಿದರು. ನಾನು ಟಾಯ್ಲೆಟ್ಟಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಆಮೇಲೆ ಚೀಫ್ ಎಲ್ಲರಿಗೂ ಟೀ ತರಿಸಿದರು. “ನಿಂಗಿದು ಮೊದಲನೇ ಡೆತ್ತಾ? ಹಾಗಾದ್ರೆ ಟ್ರೀಟ್ ನಿಂದೇ.” ಎಲ್ಲರೂ ನಕ್ಕರು. ನಾನೂ. ಥೂ.

ಜೂನ್ 5

ಇವರ ಸ್ನೇಹಿತರ ಮನೆಯಲ್ಲಿ ನಮಗೆ ಡಿನ್ನರ್. ಕಾರಿನಲ್ಲಿ ಇವರಿಗೆ ನಿನ್ನೆಯದನ್ನು ಹೇಳಲು ಶುರುಮಾಡಿದೆ.

“ಚಿನ್ನಾ, ಆಸ್ಪತ್ರೇನ ಆಸ್ಪತ್ರೇಲೇ ಬಿಟ್ಟು ಬಾ. ಮುಖ ಸರಿ ಮಾಡ್ಕೋ, ಫೋಟೋ ತೆಗೀತಾರೆ.”

ತೆಗೆದರು. ಚೆನ್ನಾಗಿಯೇ ಬಂದಿದ್ದೇನೆ. ಅದೇ ಅಸಹ್ಯ.

ಜೂನ್ 19

ಇಷ್ಟು ದಿನ ಬರೆಯಲಿಲ್ಲ. ಹೊಟ್ಟೆ ತುಂಬ ಉಂಡೆ, ಗಾಢವಾಗಿ ನಿದ್ದೆ ಮಾಡಿದೆ. “ಈಗ ಗಟ್ಟಿಯಾದೆ ನೋಡು,” ಎಂದು ಚೀಫ್ ಬೆನ್ನು ತಟ್ಟಿದರು.

ಇವತ್ತು ಟೈಲರ್ ಹೆಂಡತಿ ಡೆತ್ ಸರ್ಟಿಫಿಕೇಟಿಗೆಂದು ಬಂದಿದ್ದರು. ಕಂಬದ ಹಿಂದೆ ಸರಿದೆ. ಕಂಡುಬಿಟ್ಟರು. ಬೈಯಲಿಲ್ಲ... ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ದೊಡ್ಡ ಡಾಕ್ಟ್ರು ಹೇಳಿದ್ದು ತಲೆಗೇ ಹೋಗಿಲ್ಲಮ್ಮ. ನೀವು ‘ಹೋದರು’ ಅಂದಿದ್ದೇ ಕಿವೀಲಿ ಕೂತಿದೆ. ಸಂಜೆಯಾದ್ರೆ ಬಾಗಿಲು ನೋಡ್ತೀನಿ. ನೀವೇ ಇನ್ನೊಂದ್ಸಲ ಸರಿಯಾಗಿ ಹೇಳ್ಬಿಡಿ.”

ಬೆಂಚಿನ ಮೇಲೆ ಪಕ್ಕದಲ್ಲಿ ಕೂತೆ. ಅವರ ಕೈ ಹಿಡಿದುಕೊಂಡೆ.

“ಅಕ್ಕಾ,” ಎಂದೆ, “ನಿಮ್ಮ ಯಜಮಾನರು ತೀರಿಕೊಂಡಿದ್ದಾರೆ. ಇನ್ನು ಬರಲ್ಲ.”