ಮಕ್ಕಳ ಪಟ್ಟಿಯಲ್ಲಿ ನನ್ನ ಹೆಸರು

ಮನೆಯಿಂದ, ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಭಾವ ಈಗಲೂ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾರೆಯೇ? ಎರಡು ತಿಂಗಳಿಂದ ನಿನ್ನ ಸುದ್ದಿಯಿಲ್ಲ. ಮುನಿಸಿಕೊಂಡಿದ್ದೀಯ ಅಂದುಕೊಂಡಿದ್ದೆ. ಕೊನೆಯ ಸಲ ನೀನು "ಇನ್ನೂ ಯಾಕೆ ಅಲ್ಲೇ ಇದ್ದೀಯ?" ಎಂದಾಗ ಫೋನ್ ಇಟ್ಟವಳು ನಾನೇ ತಾನೆ.

ಅದಾದ ವಾರಕ್ಕೇ ನನ್ನ ಫೋನಿಗೆ ನೆಟ್ ಬರುವುದು ನಿಂತಿತು. ಮನೆಯಲ್ಲಿ ವೈಫೈ ಇರುವಾಗ ಸಿಮ್ ಯಾಕೆ ಎಂದು ಅದನ್ನು ಇವರು ಮೊದಲೇ ತೆಗೆದಿಟ್ಟಿದ್ದರು. ಕೇಳಿದರೆ "ಹಳೇ ಫೋನು, ಹಿಡಿಯಲ್ಲ ಬಿಡು" ಅಂದರು. ನಂಬಿದೆ. ಮದುವೆಗೆ ಮುಂಚೆ ನಾಲ್ಕು ವರ್ಷ ಕಾಲ್ ಸೆಂಟರಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಡವರ ರೂಟರ್ ಸರಿ ಮಾಡಿಸುತ್ತಿದ್ದವಳು ನಾನು. ಕೂತು ಕೂತು ತಲೆಗೆ ತುಕ್ಕು ಹಿಡಿದಿತ್ತು ನೋಡು.

ಇವತ್ತು ಇವರು ಕೆಲಸಕ್ಕೆ ಹೋದ ಮೇಲೆ ಟೀವಿಯ ಹಿಂದೆ ಧೂಳು ಒರೆಸುತ್ತಿದ್ದೆ. ಟೀವಿಯಲ್ಲಿ ನೆಟ್ಟಿನ ಸಿನಿಮಾ ಓಡುತ್ತಿದೆ, ಫೋನಿನಲ್ಲಿ ವೈಫೈ ಗುರುತು ತುಂಬಿದೆ, ನನಗೆ ಮಾತ್ರ ಏನೂ ಬರುತ್ತಿಲ್ಲ. ಇದೇ ದೂರು ಹೇಳಿದವರಿಗೆ ಸೆಟ್ಟಿಂಗ್ ಪುಟ ತೆರೆದು ನೋಡಿ ಅಂತ ನಾನೇ ಎಷ್ಟು ಸಲ ಹೇಳಿಲ್ಲ? ರೂಟರಿನ ಅಡಿಯ ಚೀಟಿಯಲ್ಲಿದ್ದ ವಿಳಾಸ ಹೊಡೆದೆ, ಪುಟ ತೆರೆಯಲಿಲ್ಲ. ಸ್ವಿಚ್ಚು ಆರಿಸಿ ಹಾಕಿದೆ, ಉಹೂಂ. ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿದರೆ ಎಲ್ಲ ಅಳಿಸಿ ಹೊಸದಾಗುತ್ತದೆ, ಆದರೆ ಇವರಿಗೆ ಗೊತ್ತಾಗಿಬಿಡುತ್ತದೆ. ಪಿನ್ನು ಹಿಡಿದುಕೊಂಡು ಸುಮಾರು ಹೊತ್ತು ನೆಲದ ಮೇಲೆ ಕೂತಿದ್ದೆ. ಆಮೇಲೆ ಹೊಳೆಯಿತು, ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ಅಂತ ಒಂದು ಸಾಲಿರುತ್ತದೆ, ರೂಟರಿನ ಈಗಿನ ವಿಳಾಸ ಅದೇ. ನೋಡಿದರೆ ಅಂಕಿಗಳೇ ಬೇರೆ. ವಿಳಾಸವನ್ನೇ ಬದಲಿಸಿದ್ದರು. ಆ ಅಂಕಿ ಹೊಡೆದದ್ದೇ ತಡ, ಪುಟ ಬಂತು. ಪಾಸ್‌ವರ್ಡ್ ಮಾತ್ರ ಚೀಟಿಯಲ್ಲಿದ್ದದ್ದೇ. ಅದನ್ನೂ ಬದಲಿಸುವಷ್ಟು ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಒಳಗೆ ಮಕ್ಕಳ ನಿಯಂತ್ರಣ ಅಂತ ಒಂದು ಪಟ್ಟಿ. ಅದರಲ್ಲಿ ಒಂದೇ ಹೆಸರು, ನನ್ನದು. ದಿನವಿಡೀ ತಡೆ. ಈ ಮನೆಯಲ್ಲಿ ಮಕ್ಕಳೇ ಇಲ್ಲವಲ್ಲ ಅಕ್ಕಾ.

ತಡೆ ತೆಗೆದೆ. ಫೋನು ಕೈಯಲ್ಲೇ ಗುಂಯ್‌ಗುಡತೊಡಗಿತು. ಎಲ್ಲ ನಿನ್ನವೇ. ಊಟ ಆಯ್ತಾ ಅಂತ, ಯಾಕೆ ಮಾತಾಡ್ತಿಲ್ಲ ಅಂತ, ಕೊನೆಗೆ "ತಪ್ಪಾಯ್ತು ಕಣೇ, ಇದ್ದೀನಿ ಅಂತಾದ್ರೂ ಹೇಳು" ಅಂತ. ತಪ್ಪು ನಿನ್ನದಲ್ಲ ಎಂದು ಬರೆಯುತ್ತಿದ್ದೆ, ಅಷ್ಟರಲ್ಲಿ ಇವರ ಸಂದೇಶ ಬಂತು: "ರೂಟರಲ್ಲಿ ಏನು ಮಾಡ್ತಿದ್ದೀಯ?" ತಡೆ ತೆಗೆದ ಸುದ್ದಿ ಇವರ ಫೋನಿಗೆ ಹೋಗಿತ್ತು. ಧೂಳು ಒರೆಸುವಾಗ ಕೆಳಗೆ ಬಿತ್ತು ಅಂದೆ. "ಸಂಜೆ ಬಂದು ನೋಡ್ತೀನಿ" ಅಂದರು. ನೋಡುನೋಡುತ್ತಲೇ ನೆಟ್ ಹೋಯಿತು. ಮತ್ತೆ ಪುಟಕ್ಕೆ ಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ನಿನಗೆ ಬರೆದ ಅರ್ಧ ಸಾಲು ಇನ್ನೂ ಹಾಗೇ ಇದೆ.

ಇಸ್ತ್ರಿಯಾಕೆ ಬಟ್ಟೆಗೆ ಬರುವ ಹೊತ್ತಾಯಿತು. ಇದನ್ನು ಕೊರಿಯರಿಗೆ ಹಾಕುತ್ತಾಳೆ, ಒಳ್ಳೆಯವಳು. ಅವಳ ಫೋನಿನಿಂದಲೇ ಮಾತಾಡಬಹುದಿತ್ತು; ನಿನ್ನ ದನಿ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ. ಭಾವನಿಗೆ ನಮಸ್ಕಾರ ಹೇಳು, ಮೊಣಕಾಲು ನೋಡಿಕೋ.

ನಿನ್ನ,
ಪುಟ್ಟಿ

ತಾ.ಕ.: ಶುಕ್ರವಾರ ಇವರಿಗೆ ಬೇರೆ ಊರಿನಲ್ಲಿ ಕೆಲಸ. ಹನ್ನೊಂದರ ಬಸ್ಸಿಗೆ ನಿಮ್ಮೂರಿಗೆ ಹೊರಡುತ್ತೇನೆ, ಒಂದೇ ಚೀಲ. ಇವರು ಫೋನ್ ಮಾಡಿದರೆ ನನ್ನ ಸುದ್ದಿ ಗೊತ್ತಿಲ್ಲ ಅನ್ನು. ನಿನಗೆ ಬರಲು ತಡವಾದರೂ ಪರವಾಗಿಲ್ಲ, ನಿಲ್ದಾಣದ ಬೆಂಚಿನ ಮೇಲೆ ಕೂತಿರುತ್ತೇನೆ. ವಾಪಸ್ಸು ಬಸ್ಸು ಹತ್ತುವುದಿಲ್ಲ.