ಒಂದು ತಿರುವು ಜಾಸ್ತಿ

ಆಗಸ್ಟ್ 4, ಭಾನುವಾರ

ಬೀಗ ಹಾಕಿದೆನಾ ಅಂತ ಬೀದಿ ತುದಿಯಿಂದ ಎರಡು ಸಲ ವಾಪಸ್ ಬಂದು ನೋಡಿದೆ. ಇವತ್ತೂ ಭಾನುವಾರದ ಲೆಕ್ಕದ ಕ್ಲಾಸಿಗೆ ಲೇಟು. ಲೈಬ್ರರಿ ಮಹಡಿ ಹತ್ತುವಾಗಲೇ ಮೇಡಂ ದನಿ. ಹಿಂದಿನ ಬೆಂಚಲ್ಲಿ ನರ್ಸಮ್ಮ ಜರುಗಿ ಜಾಗ ಕೊಟ್ಟರು.

ಇವತ್ತಿನ ಪಾಠ ಕೊನೆಯೇ ಇಲ್ಲದ ಹೋಟೆಲು. ಎಷ್ಟು ದೂರ ಹೋದರೂ ರೂಮು, ಎಲ್ಲ ಭರ್ತಿ. ಹೊಸಬನೊಬ್ಬ ಬಂದ. ಎಲ್ಲರೂ ಒಂದೊಂದು ರೂಮು ಮುಂದಕ್ಕೆ ಹೋಗಿ ಅಂದನಂತೆ ಮ್ಯಾನೇಜರು. ಮೊದಲನೇ ರೂಮು ಖಾಲಿ! ಎಲ್ಲರಿಗೂ ಬೆರಗು. ನನಗೆ ಆ ಜನರದೇ ಚಿಂತೆ. ಮಲಗಿದವರನ್ನ ಎಬ್ಬಿಸಿದರೆ ಸುಮ್ಮನಿರ್ತಾರಾ? ಗಂಟುಮೂಟೆ ಯಾರು ಹೊರಬೇಕು? ಬಾಯಿ ತಡೆಯದೆ ಕೇಳಿಯೇಬಿಟ್ಟೆ. ಪಕ್ಕದ ಬೆಂಚಿನ ಬಸ್ ಡ್ರೈವರು, ಅಕ್ಕ ಆ ಹೋಟೆಲಲ್ಲಿ ಇಳಿದುಕೊಂಡ ದಿನ ಮ್ಯಾನೇಜರ್ ರಾಜೀನಾಮೆ ಅಂದರು. ಎಲ್ಲರೂ ನಕ್ಕರು. ನನಗೆ ಲೆಕ್ಕ ಬರಲ್ಲ ಬಿಡಿ ಅಂದುಬಿಟ್ಟೆ.

ಹಾಗಂದವರು ಬೋರ್ಡ್ ಒರೆಸಬೇಕು — ಮೇಡಂ ಮಾಡಿದ ನಿಯಮ. ಸೇರಿದಾಗಿಂದ ಹೆಚ್ಚುಕಮ್ಮಿ ನಾನೇ ಒರೆಸ್ತಿದೀನಿ.

ಆಗಸ್ಟ್ 11, ಭಾನುವಾರ

 25ನೇ ತಾರೀಕು ಕೊನೇ ಕ್ಲಾಸಿನಲ್ಲಿ ಪಾಠ ನಾವೇ ಮಾಡಬೇಕಂತೆ. ಒಬ್ಬೊಬ್ಬರಿಗೆ ಒಂದೊಂದು ವಿಷಯ. ಚೀಟಿ ಎತ್ತಿಸಿದರು. ನನಗೆ ಬಂದಿದ್ದು ಒಂದೇ ಮುಖದ ಪಟ್ಟಿ. ಉದ್ದನೆ ಪಟ್ಟಿ ತಗೊಂಡು, ಅರ್ಧ ಸುತ್ತು ತಿರುಚಿ, ತುದಿಗೆ ತುದಿ ಅಂಟಿಸೋದು. ಈಗ ಅದಕ್ಕೆ ಒಳಗೂ ಇಲ್ಲ ಹೊರಗೂ ಇಲ್ಲ — ಬೆರಳಿಟ್ಟು ನಡೆಸಿದರೆ ಎರಡೂ ಕಡೆ ಮುಟ್ಟಿ ಬರುತ್ತೆ. ನಡುವೆ ಉದ್ದಕ್ಕೂ ಕತ್ತರಿಸಿದರೆ ಎರಡಾಗಬೇಕಲ್ವಾ? ಆಗಲ್ಲ. ಒಂದೇ ದೊಡ್ಡ ಬಳೆ!

ಮನೇಲಿ ಹೇಳಿದ್ದೇ ತಪ್ಪಾಯ್ತು. ಮಗಳು ಪುಟ್ಟಿ ಹಾಸಿಗೆ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಲೆಕ್ಕದಲ್ಲಿ ಡುಮ್ಕಿ ಹೊಡೆದಾಗಿಂದ ಹಾಗೇ. ಮುಂದಿನ ತಿಂಗಳು ಮರುಪರೀಕ್ಷೆ. ಬರೆಯಲ್ಲ ಅಂತ ಹಟ, ಹಾಲ್ ಟಿಕೆಟ್ ಕೂಡ ತಂದಿಲ್ಲ. ಈ ಪರೀಕ್ಷೆ ಬಿಟ್ಟರೆ ಓದು ಅಲ್ಲಿಗೇ ನಿಂತ ಹಾಗೆ. ನಾನು ಬುದ್ಧಿ ಹೇಳೋಕೆ ಹೋದೆ. ಅವಳು ತಿರುಗಿಯೂ ನೋಡದೆ, "ನೀನು ಅಲ್ಲಿ ನಿಂತು ಪಾಠ ಮಾಡು, ನಾನು ಪರೀಕ್ಷೆ ಬರೀತೀನಿ. ಹೇಗಿದ್ರೂ ನೀನು ಹೋಗಲ್ಲ" ಅಂದಳು.

ಇವರು ನಡುವೆ ಬಾಯಿ ಹಾಕಿ, ಸರಿ, ಪಂಥ ಆಯ್ತು, ನಾನೇ ಸಾಕ್ಷಿ ಅಂದರು. ಇವರಿಗೆಲ್ಲ ತಮಾಷೆ.

ಅವಳು ಹೇಳಿದ್ದರಲ್ಲೂ ಸುಳ್ಳಿಲ್ಲ. ಸ್ಕೂಟರ್ ಕಲಿಯೋದು ಅರ್ಧ. ಕಂಪ್ಯೂಟರ್ ಕ್ಲಾಸು ಅರ್ಧ. ಏಳನೇ ಕ್ಲಾಸಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಸ್ಕೂಲೂ ಅರ್ಧ. ಆಗಷ್ಟೇ ಭಿನ್ನರಾಶಿ ಶುರು ಮಾಡಿದ್ದರು...

ಆಗಸ್ಟ್ 14, ಬುಧವಾರ

ಹೊಲಿಗೆ ಅಂಗಡೀಲಿ ಇಡೀ ದಿನ ಯೂನಿಫಾರ್ಮ್ ಲಂಗಗಳ ಸೊಂಟಕ್ಕೆ ಎಲಾಸ್ಟಿಕ್. ಅದು ತಿರುಚಿಕೊಂಡರೆ ಓನರ್ ಲಂಗವನ್ನೇ ಮುಖಕ್ಕೆ ಎಸೀತಾರೆ. ಅದಕ್ಕೇ ಜೋಡಿಸೋ ಮುಂಚೆ ಹೆಬ್ಬೆರಳು ತಾನಾಗಿ ಸುತ್ತ ಸವರಿಕೊಂಡು ಬರುತ್ತೆ, ತಿರುವು ಸಿಕ್ಕರೆ ಬಿಡಿಸುತ್ತೆ. ನಾನು ಹೇಳಬೇಕಾಗೇ ಇಲ್ಲ.

ಇವತ್ತು ಅದನ್ನೇ ನೋಡ್ತಾ ಹೆದರಿದೆ. ವರ್ಷಗಟ್ಟಲೆ ತಿರುವು ಬಿಡಿಸಿದ ಕೈ ಇದು. ತಿರುಚು ಅಂದರೆ ಕೇಳುತ್ತಾ?

ಆಗಸ್ಟ್ 18, ಭಾನುವಾರ

ಕ್ಲಾಸು ಮುಗಿಸಿ ಬಂದು ಹಳೇ ಪೇಪರಲ್ಲಿ ಮಾಡಿದೆ. ಬಂತು! ಒಂದೇ ದೊಡ್ಡ ಬಳೆ. ಇವರನ್ನ ಕೂರಿಸಿ ಪಾಠ ಒಪ್ಪಿಸೋಕೆ ಹೋದೆ — ಮೊದಲ ಮಾತೇ ಮರೆತು ಬಳೆ ತಿರುಗಿಸ್ತಾ ಕೂತೆ. ಕೈ ನೋಡಿದರೆ ಗೊತ್ತಾಗುತ್ತೆ, ಬಾಯಿ ಯಾಕೆ ಬೇಕು ಅಂದರು ಇವರು. ಸಮಾಧಾನವೋ ಗೇಲಿಯೋ.

ಒಂದು ಸಣ್ಣ ಜ್ವರ ಬಂದರೆ... ಛೆ. ಏನೇನೋ ಬರೀತಿದೀನಿ.

ಆಗಸ್ಟ್ 24, ಶನಿವಾರ, ಸಂಜೆ

ಪೇಪರು ಹರಿದರೆ ಮಾನ ಹೋಗುತ್ತೆ. ಅದಕ್ಕೇ ಅಂಗಡಿಯಲ್ಲಿ ಉಳಿದ ಬಟ್ಟೆ ಪಟ್ಟಿ ತಂದೆ. ತಿರುಚಿದೆ, ಪಿನ್ ಹಾಕಿದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಎದ್ದು ಹೋಗಿ ಬಂದು ಕೂತರೆ — ತಿರುವು ಇದೆಯಾ, ಹೆಬ್ಬೆರಳು ಬಿಡಿಸಿಬಿಟ್ಟಿತಾ? ನೋಡಿದಷ್ಟೂ ಅನುಮಾನ. ಪಿನ್ ಬಿಚ್ಚಿ ಇನ್ನೊಂದು ಸಲ ತಿರುಚಿ ಹೊಲಿದೆ. ಈಗ ಭದ್ರ. ಕತ್ತರಿಸಿ ನೋಡೋಣ ಅಂದರೆ ಇರೋದು ಇದೊಂದೇ ಪಟ್ಟಿ.

ಪುಟ್ಟಿ ನಾಳೆ ಬರ್ತಾಳಂತೆ. ನಾನು ಓಡಿಹೋಗೋದನ್ನ ಕಣ್ಣಾರೆ ನೋಡೋಕೆ.

ಆಗಸ್ಟ್ 25, ಭಾನುವಾರ



ಬೋರ್ಡಿನ ಹತ್ತಿರ ನಿಂತೆ. ಪುಟ್ಟಿ ನರ್ಸಮ್ಮನ ಪಕ್ಕ, ಕೈಕಟ್ಟಿ ಕೂತಿದ್ದಳು. ಮೊದಲು ಚಾಕ್‌ಪೀಸಿಂದ ಗೆರೆ ಎಳೆದು ಒಂದೇ ಮುಖ ಅಂತ ತೋರಿಸಬೇಕಿತ್ತು — ಮರೆತೇ ಹೋಯ್ತು. ಇದು ಎರಡಾಗಲ್ಲ, ಒಂದೇ ದೊಡ್ಡ ಬಳೆ ಆಗುತ್ತೆ ಅಂತ ಸಾರಿ, ನೇರ ಕತ್ತರಿಗೆ ಕೈ ಹಾಕಿದೆ.

ಎರಡಾಯ್ತು.

ಎರಡು ಬಳೆ, ಒಂದರೊಳಗೊಂದು ಕೊಂಡಿ ಹಾಕಿಕೊಂಡು ಜೋತಾಡ್ತಿವೆ. ಇಂಥದ್ದು ಯಾವತ್ತೂ ನೋಡಿರಲಿಲ್ಲ.  ಬ್ಯಾಗು ಯಾವಾಗ ಕೈಗೆ ಬಂತೋ ಗೊತ್ತಿಲ್ಲ, ಒಂದು ಕಾಲು ಆಗಲೇ ಚಪ್ಪಲಿಯೊಳಗೆ. ಮೇಡಂ ತಡೆಯಲಿಲ್ಲ.

ಹಿಂದಿನಿಂದ ಪುಟ್ಟಿ. "ಅಮ್ಮಾ, ಎಷ್ಟು ಸಲ ತಿರುಚಿದೆ?"

ಒಂದು ಸಲ ಅಂದೆ. ಸುಳ್ಳು ನಾಲಿಗೆ ಮೇಲೆ ನಿಲ್ಲಲಿಲ್ಲ. "ಬಿಟ್ಟುಹೋಯ್ತೇನೋ ಅಂತ... ಇನ್ನೊಂದು ಸಲ."

"ಮನೆ ಬೀಗದ ಥರ, ಎರಡೆರಡು ಸಲ" ಅಂದಳು. ಡ್ರೈವರು ಬೆಂಚು ಬಡಿದು ನಕ್ಕರು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅವಳು ಎದ್ದು ಬಂದಳು. ಪೇಪರ್ ಪಟ್ಟಿಯ ಒಂದು ಕಡೆ ಪೂರಾ ಗೀಚಿದಳು. ಒಂದು ಸಲ ತಿರುಚಿದರೆ ಗೀಚಿದ ಕಡೆಗೆ ಬಿಳೀ ಕಡೆ ಬಂದು ಸೇರುತ್ತೆ, ಎರಡೂ ಒಂದೇ. ಇನ್ನೊಂದು ಸಲ ತಿರುಚಿದರೆ ಗೀಚಿದ್ದಕ್ಕೆ ಗೀಚಿದ್ದೇ ಸೇರುತ್ತೆ, ಮತ್ತೆ ಎರಡು ಮುಖ. ಅದಕ್ಕೇ ಎರಡು ಬಳೆ. ಆದರೆ ಸುತ್ತಿಕೊಂಡಿದಾವಲ್ಲ, ಬಿಡಿಸೋಕೆ ಬರಲ್ಲ. ಹೇಳ್ತಾ ಹೇಳ್ತಾ ಅವಳಿಗೇ ಗೊತ್ತಾಗ್ತಿತ್ತು, ಮುಖದಲ್ಲಿ ಕಾಣ್ತಿತ್ತು. ನಾನು ಪಟ್ಟಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ, ಒಂದು ಕಾಲಲ್ಲಿ ಚಪ್ಪಲಿ. ಆಮೇಲೆ ಎಲ್ಲರಿಗೂ ಕತ್ತರಿ ಬೇಕಾಯ್ತು. ನೆಲದ ತುಂಬ ಪೇಪರ್ ಚೂರು.

ಬೋರ್ಡ್ ಒರೆಸೋರೇ ಇರಲಿಲ್ಲ ಇವತ್ತು.

ದಾರಿಯಲ್ಲಿ ಅವಳು ಪರೀಕ್ಷೆ ಮಾತೆತ್ತಲಿಲ್ಲ. ಪಾಠ ಮಾಡಿದ್ದು ನಾನಾ, ಅವಳಾ? ಪಂಥ ಗೆದ್ದ ಹಾಗೋ ಸೋತ ಹಾಗೋ? ಸಾಕ್ಷಿಯನ್ನ ಕೇಳಿದರೆ, ನಾನು ಅಲ್ಲಿರಲಿಲ್ಲವಲ್ಲ ಅಂತಾರೆ.

ಆಗಸ್ಟ್ 28, ಬುಧವಾರ

ಹಾಲ್ ಟಿಕೆಟ್ ಇನ್ನೂ ತಂದಿಲ್ಲ. ಕೇಳಬಾರದು ಅಂತ ತುಟಿ ಕಚ್ಚಿಕೊಂಡಿದೀನಿ. ಅವಳ ಕೋಣೆ ಗುಡಿಸಿದರೆ ಬರೀ ಪೇಪರ್ ಪಟ್ಟಿ. ಮೂರು ತಿರುವಿಂದು ಕತ್ತರಿಸಿ ತಂದು ತೋರಿಸಿದಳು — ಒಂದೇ ಬಳೆ, ಆದರೆ ಗಂಟು ಬಿದ್ದಿದೆ. ಯಾಕೆ ಅಂದೆ. ಅದನ್ನೇ ನೋಡ್ತಿದೀನಿ, ಸ್ವಲ್ಪ ಸುಮ್ಮನಿರಮ್ಮ ಅಂದಳು.

ಸೆಪ್ಟೆಂಬರ್ 5, ಗುರುವಾರ

ಪರೀಕ್ಷೆಗೆ ಹೋದಳು. ಹಾಲ್ ಟಿಕೆಟ್ ಬ್ಯಾಗಲ್ಲಿದೆಯಾ ಅಂತ ಮತ್ತೆ ಕೈ ಹಾಕೋಕೆ ಹೋದೆ, ಆಗಲೇ ಎರಡು ಸಲ ನೋಡಿದೀಯ ಅಂತ ಬ್ಯಾಗ್ ಕಿತ್ತುಕೊಂಡಳು.

ಅಂಗಡಿಗೆ ರಜೆ ಹೇಳಿದೀನಿ. ಮನಸ್ಸು ನಿಲ್ಲಲ್ಲ. ಕ್ಲಾಸಿಂದ ತಂದು ಬಾಗಿಲ ಮೊಳೆಗೆ ನೇತುಹಾಕಿದ್ದ ಬಟ್ಟೆ ಬಳೆಗಳು ಕಾಣ್ತಿಲ್ಲ. ಹುಡುಕಿದೆ, ಎಲ್ಲೂ ಇಲ್ಲ. ಅವಳೇ ತಗೊಂಡು ಹೋದಳಾ? ಅಲ್ಲಿ ಯಾರಾದರೂ ನೋಡಿ ಕಾಪಿ ಹೊಡೆಯೋಕೆ ತಂದಿದಾಳೆ ಅಂದುಕೊಂಡರೆ?

ಗೇಟು ಸದ್ದಾಯ್ತು. ಇಷ್ಟು ಬೇಗ? ಮುಗಿಸಿದಳೋ, ನಡುವೆ ಎದ್ದು ಬಂದಳೋ... ಅವಳದೇ ಚಪ್ಪಲಿ ಸದ್ದು. ಎರಡೆರಡು ಮೆಟ್ಟಿಲು ಹಾರಿಕೊಂಡು ಬರ್ತಿದಾಳೆ. ಪೆನ್ನು ಇಟ್ಟೆ, ಬಾಗಿಲು ತೆಗೀಬೇಕು.