ನಿನ್ನ ಹಡಗಿಗೆ ಬರುವ ಮುಂಚೆ

ಕಕ್ಕಬೆ,
೧೧ ಫೆಬ್ರವರಿ ೨೦೨೬, ಬುಧವಾರ

ಪ್ರೀತಿಯ ಮಗಳು ಕವನಾ,

ಹೇಗಿದ್ದೀಯ? ಕೈ ಸುಟ್ಟಿದ್ದು ಮಾಯಿತೇ? ಹೋದ ಭಾನುವಾರ ವಿಡಿಯೋದಲ್ಲಿ ನೀನು ಬಲಗೈಯನ್ನು ಬೇಕೆಂದೇ ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ನಾನು ನೋಡಿದೆ, ನಿನ್ನಪ್ಪ ಪಕ್ಕದಲ್ಲೇ ಇದ್ದರೆಂದು ಕೇಳಲಿಲ್ಲ. ಅಷ್ಟು ದೊಡ್ಡ ಓವನ್ನಿನ ಮುಂದೆ ನಿಲ್ಲುವವರಿಗೆ ಇದೆಲ್ಲ ಇದ್ದದ್ದೇ ಅನ್ನುತ್ತೀಯ. ಇರಬಹುದು. ಹತ್ತೊಂಬತ್ತು ವರ್ಷದಿಂದ ಹೋಂಸ್ಟೇಯ ಒಲೆಯ ಮುಂದೆ ನಿಂತವಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ತೆಂಗಿನೆಣ್ಣೆ ಹಚ್ಚು, ನೀರು ತಾಗಿಸಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಕೆಮ್ಮು ಹೋಯಿತು, ನನ್ನ ಮಂಡಿ ಎಂದಿನಂತೆ. ರೋಬಸ್ಟಾ ಕಾಫಿಯ ಪಿಕಿಂಗ್ ಇನ್ನು ಹತ್ತು ದಿನದ್ದಿರಬಹುದು. ಸಣ್ಣಿ ಈ ವರ್ಷವೂ ಕೊಯ್ಲಿಗೆ ಬಂದಿದ್ದಾಳೆ, ದಿನಾ ನಿನ್ನನ್ನು ಕೇಳುತ್ತಾಳೆ. ಹಡಗಿನಲ್ಲಿ ಮಣ್ಣು ಇರುವುದಿಲ್ಲವಲ್ಲ, ಹಾಗಾದರೆ ಮಗು ಚಪ್ಪಲಿ ಬಿಟ್ಟು ಎಲ್ಲಿ ನಡೆಯುತ್ತದೆ ಎಂಬುದು ಅವಳ ಚಿಂತೆ. ಇಪ್ಪತ್ತಾರು ವರ್ಷದ ನೀನು ಅವಳಿಗೆ ಇನ್ನೂ ಮಗುವೇ.

ಫೋನು ಇರುವಾಗ ಕಾಗದ ಏಕೆ ಎಂದು ನಗಬೇಡ. ಹಡಗು ದಡ ಬಿಟ್ಟರೆ ನಿನಗೆ ನೆಟ್‌ವರ್ಕ್ ಇಲ್ಲ, ದಡದಲ್ಲೇ ಕೂತಿದ್ದರೂ ನಮಗಿಲ್ಲ. ಸಿಕ್ಕ ಹತ್ತು ನಿಮಿಷದಲ್ಲಿ ಎಂಟು ನಿಮಿಷ ನಿನ್ನಪ್ಪ ಮಾತಾಡುತ್ತಾರೆ. ಅದಕ್ಕೇ ನೀನು ಕೊಟ್ಟ ಹಡಗಿನ ಮುಂಬಯಿ ಏಜೆಂಟರ ವಿಳಾಸಕ್ಕೆ ಇದನ್ನು ಕಳಿಸುತ್ತಿದ್ದೇನೆ. ಮನೆಯಲ್ಲಿ ಆಡುವುದು ಅರೆಭಾಷೆ, ಪೆನ್ನು ಹಿಡಿದರೆ ಮಾತ್ರ ನನಗೆ ಬರುವುದು ನಾಪೋಕ್ಲು ಶಾಲೆಯ ಕನ್ನಡ. ಟೀಚರ್ ಬರೆದ ಹಾಗಿದೆ ಅನ್ನಿಸಿದರೆ ಸಹಿಸಿಕೋ.

ಹುತ್ತರಿ ಹಬ್ಬ ಕಳೆದ ವಾರ ನೀನು ಫೋನ್ ಮಾಡಿ, ಹಡಗಿನ ಕೆಲಸದವರ ತಂದೆ ತಾಯಿಗೆ ಈ ವರ್ಷ ಒಂದು ಕ್ಯಾಬಿನ್ ಕೊಡುತ್ತಾರೆ, ಮಾರ್ಚ್ ಹದಿನಾರಕ್ಕೆ ಮುಂಬಯಿಯಿಂದ ಹೊರಟು ಲಕ್ಷದ್ವೀಪ ನೋಡಿ ಐದು ದಿನಕ್ಕೆ ವಾಪಸು, ಬರುತ್ತೀರಾ ಎಂದಾಗ, ನೀನು ಮಾತು ಮುಗಿಸುವ ಮುಂಚೆಯೇ ನಿನ್ನಪ್ಪ ಹೂಂ ಎಂದರು. ನಾನು ಕಾಫಿ ಮುಗಿಯಲಿ ನೋಡುವ ಎಂದೆ. ಆಮೇಲೆ ಮೂರು ವಾರ ಆ ಮಾತನ್ನೇ ಎತ್ತಲಿಲ್ಲ. ನಿನಗೆ ಬೇಸರವಾಗಿದ್ದು ನನಗೆ ಗೊತ್ತು. ಕಾಫಿಯದು ಬರೀ ನೆಪ. ನೀನು ಹಡಗಿಗೆ ಸೇರಿ ಮೂರು ವರ್ಷವಾಯಿತು. ಈ ಮೂರು ವರ್ಷವೂ ಯಾರು ಕೇಳಿದರೂ ನಾನು ಹೇಳಿದ್ದು ‘ಮುಂಬಯಿಯಲ್ಲಿ ಆಫೀಸು ಕೆಲಸ’ ಎಂದು. ಹಡಗಿನ ಅಡುಗೆಮನೆ ಎಂದು ಒಂದು ದಿನವೂ ನನ್ನ ಬಾಯಿಯಿಂದ ಬರಲಿಲ್ಲ. ಅಡುಗೆ ಮಾಡಿ ಬಡಿಸುವುದು ಕೀಳು ಎಂದಲ್ಲ. ಅದನ್ನೇ ಮಾಡಿ ನಿನ್ನನ್ನು ಬೆಳೆಸಿದ್ದೇನೆ. ಆದರೆ ಹೋಂಸ್ಟೇಗೆ ಬರುವವರಲ್ಲಿ ಹತ್ತು ಮಂದಿ ಒಳ್ಳೆಯವರಿದ್ದರೆ ಒಬ್ಬ ಬೆರಳು ಚಿಟಿಕೆ ಹೊಡೆದು ಕರೆಯುವವನಿರುತ್ತಾನೆ. ಒಂದು ಸಲ ಕಾಫಿ ತಣ್ಣಗಾಗಿದೆ ಎಂದು ಒಬ್ಬಾತ ಲೋಟವನ್ನು ನನ್ನ ಮುಂದೆಯೇ ಹೂವಿನ ಕುಂಡಕ್ಕೆ ಸುರಿದ. ನೀನು ಆಗ ಪಿಯುಸಿ. ಅಡುಗೆಮನೆಗೆ ಬಂದು, “ಅವ್ವ, ನೀ ಯಾಕೆ ಸುಮ್ನೆ ಇದ್ದೆ?” ಎಂದು ಕೇಳಿದೆ. ನಾನು ಹೊಸ ಕಾಫಿಗೆ ನೀರಿಟ್ಟೆ. ನನ್ನ ಮಗಳನ್ನು ಯಾರೂ ಹಾಗೆ ಕರೆಯಬಾರದು ಎಂದು ಮಾತ್ರ ಆ ದಿನ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಅದೇ ಮಗಳು ಹೋಗಿ ಎರಡು ಸಾವಿರ ಜನಕ್ಕೆ ಬ್ರೆಡ್ ಬೇಯಿಸುವ ಕಡೆ ನಿಂತಾಗ, ನಾನು ಕಟ್ಟಿದ ಬೇಲಿಯನ್ನು ನೀನೇ ಹಾರಿಹೋದೆ ಅನ್ನಿಸಿತು.

ಮನಸ್ಸು ತಿರುಗಿದ್ದು ಹೇಗೆಂದು ಹೇಳುತ್ತೇನೆ. ಡಿಸೆಂಬರ್ ಕೊನೆಯಲ್ಲಿ ಮೈಸೂರಿನಿಂದ ನಿವೃತ್ತ ನರ್ಸ್ ಒಬ್ಬರು ಬಂದಿದ್ದರು. ಜೊತೆಗೆ ಬಂದವರೆಲ್ಲ ನಿನ್ನಪ್ಪನ ಜೀಪಿನಲ್ಲಿ ತಡಿಯಂಡಮೋಳ್ ಬೆಟ್ಟ ಹತ್ತಲು ಹೋದರು, ಇವರು ಕಾಲುನೋವೆಂದು ಉಳಿದರು. ತಿಂಡಿಯಾದ ಮೇಲೆ ತಟ್ಟೆಯನ್ನು ತಾವೇ ತೊಳೆದಿಟ್ಟು, ಅಡುಗೆಮನೆಯ ಮಣೆ ಎಳೆದುಕೊಂಡು ಕೂತು, “ಎಲ್ಲರೂ ನಿಮ್ಮೂರಿಗೆ ಟೂರ್ ಬರ್ತಾರೆ, ನೀವು ಎಲ್ಲಿಗಮ್ಮಾ ಹೋಗ್ತೀರಿ?” ಎಂದು ಕೇಳಿದರು. ಸುಬ್ರಹ್ಮಣ್ಯ, ಧರ್ಮಸ್ಥಳ ಎಂದೆ. ಅದು ದೇವರ ಹತ್ತಿರ ಹೋದದ್ದು, ನಿಮಗೋಸ್ಕರ ಹೋದದ್ದು ಎಲ್ಲಿಗೆ ಎಂದರು. ಯೋಚಿಸಿದೆ, ಯೋಚಿಸಿದೆ, ಏನೂ ಸಿಗಲಿಲ್ಲ. ಆಗ, ಯಾಕೋ ಗೊತ್ತಿಲ್ಲ, ಆ ಅಪರಿಚಿತರ ಮುಂದೆ ನಿನ್ನ ಹಡಗಿನ ಸಂಗತಿ ಹೇಳಿಬಿಟ್ಟೆ. ಮೊದಲ ಸಲ. ಅವರು, “ಮಗಳು ಮಾಡಿದ್ದನ್ನ ಕೂತು ತಿನ್ನೋ ಭಾಗ್ಯ ಎಷ್ಟು ಜನಕ್ಕಿದೆ, ಹೋಗಿ ಬನ್ನಿ” ಎಂದರು. ಅಷ್ಟೇ. ಜೀಪು ಕೆಳಗಿಳಿದು ಬರುವಷ್ಟರಲ್ಲಿ ನಾನು ಹೊರಡುವುದು ಎಂದಾಗಿತ್ತು.

ಅಂದಿನಿಂದ ನಿನ್ನಪ್ಪನನ್ನು ಹಿಡಿಯುವವರಿಲ್ಲ. ಕಡಿದಾದ ದಾರಿಯಲ್ಲಿ ಇಪ್ಪತ್ತೈದು ವರ್ಷ ಜೀಪು ಓಡಿಸಿದವನಿಗೆ ಸಮುದ್ರ ಎಂಥ ಕುಲುಕೀತು ಎಂದು ಹೊರಗೆ ಹೇಳುತ್ತಾರೆ. ಒಳಗೆ ವಾಂತಿ ಮಾತ್ರೆಯ ಮೂರು ಪಟ್ಟಿ ತಂದು ಶರ್ಟಿನ ಜೇಬು, ಬ್ಯಾಗು, ಜೀಪು, ಮೂರೂ ಕಡೆ ಅಡಗಿಸಿದ್ದಾರೆ. ಹಡಗಿನಲ್ಲಿ ಮುಳ್ಳುಚಮಚದಲ್ಲೇ ತಿನ್ನಬೇಕು ಎಂದು ಯಾರೋ ಕಿವಿಗೆ ಹಾಕಿದ್ದಾರೆ. ಮೊನ್ನೆ ಕಡಂಬುಟ್ಟಿನ ಮೇಲೆ ಅಭ್ಯಾಸ ನಡೆಯಿತು. ಅಕ್ಕಿತರಿಯ ಆ ಗುಂಡುಕಡುಬು ನಿನಗೆ ಗೊತ್ತಲ್ಲ, ಮುಳ್ಳಿಗೆ ಸಿಕ್ಕದೆ ತಟ್ಟೆಯಿಂದ ಹಾರಿ ಅಂಗಳಕ್ಕೆ ಹೋಯಿತು, ನಾಯಿ ಎತ್ತಿಕೊಂಡು ತೋಟಕ್ಕೆ ಓಡಿತು. ಕೈಯಲ್ಲಿ ತಿಂದರೂ ಯಾರೂ ಏನೂ ಹೇಳುವುದಿಲ್ಲ ಎಂದು ನೀನೇ ಅವರಿಗೆ ಹೇಳಬೇಕು, ನನ್ನ ಮಾತು ನಂಬುವುದಿಲ್ಲ. ನನ್ನದು ಬೇರೆ ಪೇಚಾಟ. ಒಂದು ರಾತ್ರಿ ಎಲ್ಲರೂ ಜೋರಾಗಿ ಅಲಂಕಾರ ಮಾಡಿಕೊಂಡು ಊಟಕ್ಕೆ ಬರುತ್ತಾರೆ ಎಂದೆಯಲ್ಲ, ಅದಕ್ಕೆ ನನ್ನ ಮದುವೆಯ ಸೀರೆಯನ್ನೇ ಬಿಸಿಲಿಗೆ ಹಾಕಿದ್ದೇನೆ. ಮೆಟ್ಟಿಲಿನಲ್ಲಿ ಜಾರದ ಚಪ್ಪಲಿ ವಿರಾಜಪೇಟೆಯಲ್ಲಿ ಸಿಕ್ಕಿತು. ಆಧಾರ್ ಕಾರ್ಡಿನಲ್ಲಿ ನಿನ್ನಪ್ಪನ ಹೆಸರು ‘ಕುಟಪ್ಪ’ ಎಂದಿತ್ತು, ಟಿಕೆಟಿನಲ್ಲಿ ‘ಕುಟ್ಟಪ್ಪ’. ಒಂದು ಅಕ್ಷರಕ್ಕಾಗಿ ಮಡಿಕೇರಿಗೆ ಎರಡು ಸಲ ಹೋಗಿ ಬಂದದ್ದಾಯಿತು. ಈಗ ಸರಿಯಾಗಿದೆ.

ದೊಡ್ಡ ಸಂಗತಿ ನಡೆದದ್ದು ಕುಶಾಲನಗರದಲ್ಲಿ. ಸೂಟ್‌ಕೇಸು ಅಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ನಿನ್ನ ತುಳಸಿ ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅಪ್ಪನ ತಂಗಿಯಾದರೂ ಅವಳ ಮುಂದೆಯೂ ನಾನು ಆಫೀಸಿನ ಕಥೆಯನ್ನೇ ಹೇಳಿಕೊಂಡು ಬಂದವಳು, ನಿನಗೂ ಹಾಗೇ ಹೇಳು ಎಂದು ಕಟ್ಟಪ್ಪಣೆ ಮಾಡಿದವಳು. ಅಂಗಡಿಯವರು ಚಕ್ರ ಉರುಳಿಸಿ ತೋರಿಸುತ್ತಾ, “ಎಲ್ಲಿಗಮ್ಮಾ, ದುಬೈಗಾ?” ಎಂದು ಕೇಳಿದರು. ನಾನು ಬಾಯಿ ಬಿಡುವ ಮುಂಚೆ ತುಳಸಿ, “ಇವ್ರ ಮಗಳು ಮುಂಬಯಿಲಿ ಆಫೀಸಲ್ಲಿ ಒಳ, ಅಲ್ಲಿಗೆ ಹೋದು” ಎಂದು ನನ್ನ ಆಫೀಸಿನ ಕಥೆಯನ್ನೇ ಒಪ್ಪಿಸಿದಳು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಸುಳ್ಳನ್ನು ಇನ್ನೊಬ್ಬರು ಅಷ್ಟು ಸಲೀಸಾಗಿ ಹೇಳುವುದನ್ನು ಕೇಳಿ ನನಗೆ ಕಿವಿ ಬಿಸಿಯಾಯಿತು. “ಆಫೀಸಲ್ಲ. ನನ್ನ ಮಗಳು ದೊಡ್ಡ ಹಡಗಿನಲ್ಲಿ ಬ್ರೆಡ್ಡು, ಕೇಕು ಮಾಡುತ್ತಾಳೆ. ನಾವು ಅದನ್ನು ತಿನ್ನಲಿಕ್ಕೆ ಹೋಗುತ್ತಿದ್ದೇವೆ” ಎಂದೆ. ಅಂಗಡಿಯವರಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಹಾಗಾದರೆ ಬೀಗ ಗಟ್ಟಿ ಇರುವುದನ್ನೇ ತೆಗೆದುಕೊಳ್ಳಿ ಎಂದು ಇನ್ನೊಂದನ್ನು ಇಳಿಸಿದರು. ನಾನು ಚೌಕಾಸಿಯನ್ನೂ ಮಾಡದೆ ದುಡ್ಡು ಕೊಟ್ಟೆ.

ಬಸ್ಸು ಸುಂಟಿಕೊಪ್ಪ ದಾಟುವವರೆಗೂ ತುಳಸಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಇನ್ನು ಕುಟುಂಬದಲ್ಲೆಲ್ಲ ಇದೇ ಮಾತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಆಮೇಲೆ ಮೆಲ್ಲನೆ, “ನಂಗೆ ಮೊದ್ಲೇ ಗೊತ್ತುಟ್ಟು ಅತ್ತಿಗೆ. ನೀವಾಗಿ ಹೇಳಿ ಅಂತ ಕಾಯ್ತಾ ಇದ್ದೆ” ಎಂದಳು. ತನ್ನ ಫೋನು ತೆಗೆದು, ನೀನು ಹೊಸವರ್ಷಕ್ಕೆ ಮಾಡಿದ ಮೂರಂತಸ್ತಿನ ಕೇಕಿನ ಫೋಟೋ ತೋರಿಸಿದಳು. ಪಕ್ಕದಲ್ಲಿ ಬಿಳಿ ಕೋಟು, ಬಿಳಿ ಟೋಪಿ ಹಾಕಿಕೊಂಡು ನೀನು ನಿಂತಿದ್ದೀಯ. ನನಗೆ ಕಳಿಸದ ಫೋಟೋ. ನನಗೆ ಏಕೆ ಕಳಿಸಲಿಲ್ಲ ಎಂದು ನಾನು ಕೇಳುವ ಹಾಗಿಲ್ಲ. ಮಡಿಕೇರಿ ಬರುವವರೆಗೂ ಆ ಫೋನನ್ನು ನಾನೇ ಹಿಡಿದುಕೊಂಡಿದ್ದೆ. ನಿನ್ನ ನಿಲುವಿನಲ್ಲಿ ಅಂಜಿಕೆ ಇರಲಿಲ್ಲ ಕವನಾ. ಯಾರಾದರೂ ಚಿಟಿಕೆ ಹೊಡೆದು ಕರೆದರೆ ತಿರುಗಿ ಕೇಳುವವಳ ಹಾಗೆ ಕಾಣುತ್ತಿದ್ದೆ. ನಾನು ಸುಮ್ಮನಿದ್ದದ್ದನ್ನು ನೋಡಿಯೇ ನೀನು ಹಾಗಾದೆಯೋ ಏನೋ. ಆಗಿದ್ದರೆ ಆ ಕಾಫಿ ಚೆಲ್ಲಿದವನಿಗೂ ಒಂದು ನಮಸ್ಕಾರ.

ನಾವು ಇಲ್ಲದ ಹತ್ತು ದಿನ ತುಳಸಿ ಬಂದು ಮನೆಯಲ್ಲಿರುತ್ತಾಳೆ, ತೋಟಕ್ಕೆ ಸಣ್ಣಿ ಇದ್ದಾಳೆ. ಕಾಫಿ ಅರಳಿಸುವ ಹೂಮಳೆ ಆ ದಿನಗಳಲ್ಲೇ ಬಂದರೆ ಎಂದು ನಾನು ಗೊಣಗಿದರೆ, “ಮಳೆ ಬಾಕೆ ನಾವು ಇಲ್ಲಿ ಇರೊಕಾ?” ಎನ್ನುತ್ತಾರೆ ನಿನ್ನಪ್ಪ, ಮಳೆ ಬರಲಿಕ್ಕೆ ನಾವೇ ಬೇಕೇ ಎಂಬಂತೆ. ಬುಕಿಂಗ್ ಎಲ್ಲ ನಿಲ್ಲಿಸಿದ್ದೇವೆ. ಗೇಟಿಗೆ ಹಾಕಲು ಅವರೇ ಹಲಗೆಯೊಂದಕ್ಕೆ ಬಣ್ಣದಲ್ಲಿ ಬರೆದಿಟ್ಟಿದ್ದಾರೆ: ‘ಮನೆಯವರು ಟೂರ್ ಹೋಗಿದ್ದಾರೆ.’ ಇನ್ನೂ ಒಂದು ತಿಂಗಳಿದೆ, ಈಗಲೇ ದಿನಕ್ಕೆರಡು ಸಲ ಅದನ್ನು ಗೇಟಿಗೆ ಹಿಡಿದು ನೋಡುತ್ತಾರೆ. ಮಾರ್ಚ್ ಹದಿನಾಲ್ಕಕ್ಕೆ ಶನಿವಾರ ಬೆಳಿಗ್ಗೆ ಹೊರಟು ಮಂಗಳೂರಿನಲ್ಲಿ ರೈಲು ಹತ್ತುತ್ತೇವೆ.

ನನಗಿರುವ ಅಳುಕು ಒಂದೇ. ಬೇರೆಯವರು ತಂದಿಡುವ ತಟ್ಟೆಗೆ ಕೈಕಟ್ಟಿ ಕಾಯುವುದು ನನಗೆ ಬರುವುದಿಲ್ಲ. ಮರೆತು ಎದ್ದು ಪಕ್ಕದ ಮೇಜಿನ ಲೋಟ ಎತ್ತಿಬಿಟ್ಟರೆ ನಗಬೇಡ. ಬಡಿಸುವವರ ಹೆಸರು ಕೇಳಿಕೊಂಡು ಹೆಸರಿನಿಂದಲೇ ಕರೆಯಬೇಕು ಎಂದು ಅಂದುಕೊಂಡಿದ್ದೇನೆ. ಅದು ಅಲ್ಲಿ ಸರಿಯೋ ತಪ್ಪೋ ತಿಳಿಸು. ನಿನ್ನ ಅಡುಗೆಮನೆಗೆ ನಮ್ಮನ್ನು ಬಿಡುತ್ತಾರೆಯೇ? ಒಳಗೆ ಬೇಡವೆಂದರೆ ಬಾಗಿಲಲ್ಲಿ ನಿಂತಾದರೂ ನೀನು ಹಿಟ್ಟು ನಾದುವುದನ್ನು ಒಂದು ಸಲ ನೋಡಬೇಕು. ನಿನಗೆ ಬಿಡುವಿಲ್ಲದಿದ್ದರೆ ನಮ್ಮ ಹಿಂದೆ ಓಡಾಡಬೇಡ, ನಾವು ಸಮುದ್ರ ನೋಡಿಕೊಂಡು ಇರುತ್ತೇವೆ. ಸಮುದ್ರ ಬೇಸರವಾಗಲಿಕ್ಕೆ ಐದು ದಿನ ಸಾಲದು ಎಂದು ನಿನ್ನಪ್ಪನ ಅಂದಾಜು.

ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು. ನಿನ್ನ ರೂಮಿನ ಗೋವೆಯ ಹುಡುಗಿಗೂ ನನ್ನ ನೆನಪು ಹೇಳು. ತುಳಸಿಯೂ ಸಣ್ಣಿಯೂ ನಿನ್ನನ್ನು ಕೇಳಿದ್ದಾರೆ. ಇಗ್ಗುತ್ತಪ್ಪ ದೇವರು ನಿನ್ನನ್ನು ನೀರಿನ ಮೇಲೂ ಕಾಯಲಿ.

ನಿನ್ನ,
ಅವ್ವ
(ಗಂಗಮ್ಮ)

ತಾ.ಕ.: ಅಪ್ಪ ಜೀಪು ತೊಳೆಯುತ್ತಿದ್ದಾರೆ, ಅಂಚೆಗೆ ಅವರೇ ಒಯ್ಯುವುದು, ಬೇಗ ಬೇಗ ಬರೆಯುತ್ತಿದ್ದೇನೆ. ಇದು ಅವರಿಗೆ ಗೊತ್ತಿಲ್ಲ. ಬೇಕರಿ ಕೋರ್ಸು ಮುಗಿಸಿ ಮಂಗಳೂರಿನಲ್ಲಿ ಮೊದಲ ಸಲ ಹಡಗಿನವರಿಗೆ ಇಂಟರ್‌ವ್ಯೂ ಕೊಟ್ಟು ಬಂದೆಯಲ್ಲ, ಅವರು ಕರೆಯಲೇ ಇಲ್ಲ ಎಂದು ನೀನು ಅತ್ತಿದ್ದೆಯಲ್ಲ. ಅವರು ಕರೆದಿದ್ದರು. ನಿನ್ನ ಮೊಬೈಲು ಸಿಕ್ಕದೆ ಮನೆಯ ಲ್ಯಾಂಡ್‌ಲೈನಿಗೆ ಮಾಡಿದರು. ನೀನು ಸಂತೆಗೆ ಹೋಗಿದ್ದೆ. ‘ಅವಳಿಗೆ ಮದುವೆ ಗೊತ್ತಾಗಿದೆ, ಬರುವುದಿಲ್ಲ’ ಎಂದು ಹೇಳಿ ಫೋನಿಟ್ಟವಳು ನಾನು. ಆಮೇಲೆ ಒಂದು ವರ್ಷ ನೀನು ಮಡಿಕೇರಿಯ ಬೇಕರಿಯಲ್ಲಿ ಪಫ್ಸ್ ಮಾಡಿಕೊಂಡು, ನನಗೆ ಕೈಗುಣ ಇಲ್ಲ ಅವ್ವ ಎನ್ನುತ್ತಿದ್ದೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಕೈಗುಣ ನಿನಗೆ ಆಗಲೂ ಇತ್ತು. ಆ ವರ್ಷ ಕಸಿದವಳು ನಾನು. ಇದನ್ನು ಹೇಳದೆ ನಿನ್ನ ಹಡಗು ಹತ್ತಿ ನೀನು ಮಾಡಿದ್ದನ್ನು ತಿನ್ನಲು ನನಗಾಗುವುದಿಲ್ಲ. ಕಾಗದ ಸಿಕ್ಕ ಮೇಲೆ ಫೋನ್ ಮಾಡಿದಾಗ ಮೊದಲು ಅವ್ವನಿಗೆ ಕೊಡಿ ಎಂದು ಹೇಳು. ಬರುವುದು ಬೇಡ ಎಂದರೆ ಏನಾದರೂ ನೆಪ ಹೇಳಿ ಅಪ್ಪನನ್ನು ಕಳಿಸಿ ನಾನು ಉಳಿಯುತ್ತೇನೆ. ಬಾ ಎಂದರೆ ಬರುತ್ತೇನೆ. ಸಿಟ್ಟು ಇಟ್ಟುಕೊಂಡೇ ಬಾ ಎಂದರೂ ಬರುತ್ತೇನೆ.